ಬಾಳನ್ನು ಹಸನು ಮಾಡಿಕೊಳ್ಳುವ ಬಗೆ: ವಿಲಿಯಂ ಜೇಮ್ಸ್‌ನ ನೀತಿವಿಚಾರವನ್ನು ದಿನದ ಬದುಕಿಗೆ ತರುವುದು ಹೇಗೆ

ನಮ್ಮ ಜಗಳೂರು ಸೀಮೆಯಲ್ಲಿ ಹೊಲ ಹಸನು ಮಾಡುವುದೆಂದರೆ ಬಿತ್ತನೆಗೆ ಮುಂಚೆ ಕಲ್ಲು ಆರಿಸಿ, ಕೂಳೆ ಕಿತ್ತು, ಕುಂಟೆ ಹೊಡೆದು, ಮಣ್ಣನ್ನು ಬೀಜ ಹಿಡಿಯುವ ಹದಕ್ಕೆ ತರುವುದು. ಮದುವೆಯ ಮನೆಯಲ್ಲಿ ಹಿರಿಯರು ‘ನಿಮ್ಮ ಬಾಳು ಹಸನಾಗಲಿ’ ಎಂದು ಹರಸುವಾಗ ಬಳಸುವುದೂ ಇದೇ ಮಾತನ್ನು. ದಾವಣಗೆರೆಯಲ್ಲಿ ಬಹುಕಾಲ ಕಾಲೇಜಿನ ಮಕ್ಕಳಿಗೆ ಮನಶ್ಶಾಸ್ತ್ರ ಕಲಿಸಿದ ನನಗೆ, ಮನುಷ್ಯನ ಬದುಕು ತುಂಬಿಕೊಂಡು ಬೆಳೆಯುವುದೆಂದರೇನು ಎಂಬ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯನ್ನು ಹಿಡಿದಿಡಲು ಇದಕ್ಕಿಂತ ಒಳ್ಳೆಯ ಕನ್ನಡ ಸಿಕ್ಕಿಲ್ಲ. ಹಸನು ತಾನಾಗಿ ಒದಗಿ ಬರುವ ಸ್ಥಿತಿಯಲ್ಲ. ಕೈಯಾರೆ ಮಾಡುವ ಕೆಲಸ, ಅದೂ ಪ್ರತಿ ಮುಂಗಾರಿಗೆ ಮತ್ತೆ ಮಾಡಬೇಕಾದ ಕೆಲಸ.

ಅಮೆರಿಕದ ಮನಶ್ಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬನಾದ ವಿಲಿಯಂ ಜೇಮ್ಸ್ (1842–1910) ನೀತಿಯನ್ನು ಕಂಡದ್ದು ಹೆಚ್ಚುಕಡಿಮೆ ಹೀಗೆಯೇ. ಅವನು ಓದಿದ್ದು ವೈದ್ಯ, ಹಾರ್ವರ್ಡ್‌ನಲ್ಲಿ ಮೊದಲು ಕಲಿಸಿದ್ದು ಶರೀರಕ್ರಿಯಾಶಾಸ್ತ್ರ. ಅಲ್ಲಿಂದ ಮನಶ್ಶಾಸ್ತ್ರಕ್ಕೂ ಮುಂದೆ ತತ್ತ್ವಶಾಸ್ತ್ರಕ್ಕೂ ನಡೆದ. ಒಳ್ಳೆಯದು ಯಾವುದು ಎಂಬುದನ್ನು ಮೊದಲೇ ಬರೆದಿಟ್ಟ ಗ್ರಂಥವೊಂದರಿಂದ ಓದಿ ಹೇಳಲು ಬರುವುದಿಲ್ಲ, ಕಡೆಯ ಮನುಷ್ಯ ತನ್ನ ಅನುಭವವನ್ನು ಹೇಳಿ ಮುಗಿಸುವವರೆಗೆ ನೀತಿಶಾಸ್ತ್ರದಲ್ಲಿ ಕಡೆಯ ಮಾತೆಂಬುದು ಇಲ್ಲ ಎಂಬುದು ಅವನ ನಿಲುವು. ಅವನ ನೀತಿವಿಚಾರವನ್ನು ಒಂದು ಮನೆಯೊಳಗೆ, ಒಂದು ಬೀದಿಯಲ್ಲಿ, ಒಂದು ಜಗಳದ ನಡುವೆ ಬಳಸುವುದು ಹೇಗೆ ಎಂಬುದನ್ನು ಬಳಸಿ ನೋಡಿದವನಾಗಿ ಇಲ್ಲಿ ಹೇಳುತ್ತೇನೆ. ಮೊದಲು ಬಳಸದೆ ಕೆಟ್ಟವನೂ ನಾನೇ ಆದ್ದರಿಂದ ಆ ಕಥೆಯೂ ನಡುವೆ ಬರುತ್ತದೆ.

ಓದುವ ಕ್ರಮ

ಜೇಮ್ಸ್‌ನ ಹೆಸರು ಕೇಳಿದವರು ಸಾಮಾನ್ಯವಾಗಿ 1890ರ ‘ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ’ಯನ್ನು ಕೈಗೆತ್ತಿಕೊಳ್ಳುತ್ತಾರೆ. ಹನ್ನೆರಡು ವರ್ಷ ಹಿಡಿದು ಬರೆದ ಎರಡು ಸಂಪುಟಗಳು ಅವು. ಸುಮಾರು 1,400 ಪುಟ. ನೂರು ಪುಟಕ್ಕೆ ದಣಿದು ಬಿಟ್ಟವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ನೀತಿಗಾಗಿ ಓದುವವರು ಅಲ್ಲಿಂದ ಆರಂಭಿಸುವುದು ಬೇಡ. ಮೊದಲು 1899ರ ‘ಟಾಕ್ಸ್ ಟು ಟೀಚರ್ಸ್’ ಪುಸ್ತಕದ ಕೊನೆಯಲ್ಲಿರುವ ಎರಡು ಉಪನ್ಯಾಸಗಳನ್ನು ಓದಬೇಕು: ಒಂದು ಮನುಷ್ಯರಲ್ಲಿರುವ ಒಂದು ಬಗೆಯ ಕುರುಡನ್ನು ಕುರಿತದ್ದು, ಇನ್ನೊಂದು ಬದುಕಿಗೆ ಅರ್ಥ ಬರುವುದು ಯಾವುದರಿಂದ ಎಂಬುದನ್ನು ಕುರಿತದ್ದು. ಎರಡನೆಯದಾಗಿ, 1891ರಲ್ಲಿ ಯೇಲ್‌ನ ತತ್ತ್ವಶಾಸ್ತ್ರ ಕೂಟದ ಮುಂದೆ ಮಾಡಿದ ‘ದ ಮಾರಲ್ ಫಿಲಾಸಫರ್ ಅಂಡ್ ದ ಮಾರಲ್ ಲೈಫ್’ ಎಂಬ ಭಾಷಣ. ಅದು 1897ರ ‘ದ ವಿಲ್ ಟು ಬಿಲೀವ್’ ಸಂಕಲನದಲ್ಲಿದೆ. ದೊಡ್ಡ ಗ್ರಂಥದಿಂದ ಅಭ್ಯಾಸವನ್ನು ಕುರಿತ ನಾಲ್ಕನೆಯ ಅಧ್ಯಾಯವನ್ನೂ ‘ನಾನು’ ಎಂಬುದನ್ನು ಕುರಿತ ಹತ್ತನೆಯ ಅಧ್ಯಾಯವನ್ನೂ ಕಡೆಗೆ ಓದಿದರೆ ಸಾಕು. ಇವೆಲ್ಲ ಹಕ್ಕುಸ್ವಾಮ್ಯದ ಅವಧಿ ಮುಗಿದ ಬರಹಗಳಾದ್ದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ಕಷ್ಟವೆನಿಸುವವರು ಇಬ್ಬರು ಮೂವರು ಸೇರಿ, ಒಬ್ಬರು ಓದಿ ಕನ್ನಡದಲ್ಲಿ ಹೇಳುತ್ತಾ ಹೋಗುವುದು ಒಳ್ಳೆಯದು. ಜೇಮ್ಸ್‌ನ ಈ ಬರಹಗಳಲ್ಲಿ ಹಲವು ಕೇಳುಗರಿಗಾಗಿ ಹೇಳಿದ ಮಾತುಗಳು. ಗಟ್ಟಿಯಾಗಿ ಓದಿದಾಗ ಹೆಚ್ಚು ತಿಳಿಯುತ್ತವೆ.

ಬೇಡಿಕೆಯ ಪುಸ್ತಕ

1891ರ ಭಾಷಣದ ತಿರುಳು ಇಷ್ಟು: ಯಾವ ಜೀವವೂ ಇಲ್ಲದ ಬರೀ ಕಲ್ಲುಮಣ್ಣಿನ ಲೋಕದಲ್ಲಿ ಒಳಿತು ಕೆಡುಕುಗಳಿಗೆ ಜಾಗವಿಲ್ಲ. ಬೇಕು ಎನ್ನುವ ಒಂದು ಜೀವ ಹುಟ್ಟಿದ ಗಳಿಗೆಯಲ್ಲಿ ಒಳಿತು ಹುಟ್ಟುತ್ತದೆ, ಎರಡನೆಯ ಜೀವ ಹುಟ್ಟಿದ ಗಳಿಗೆಯಲ್ಲಿ ತೊಡಕು ಹುಟ್ಟುತ್ತದೆ. ಎಷ್ಟೇ ಸಣ್ಣ ಜೀವದ ಎಷ್ಟೇ ಸಣ್ಣ ಬೇಡಿಕೆಯಾದರೂ, ಅದಕ್ಕೆ ಎದುರಾಗಿ ಮತ್ತೊಂದು ಬೇಡಿಕೆ ನಿಂತಿಲ್ಲವಾದರೆ, ಅದು ಈಡೇರಲೇಬೇಕು. ಈಡೇರಿಸಬೇಕಾಗಿಲ್ಲ ಎನ್ನುವವನೇ ಕಾರಣ ಕೊಡಬೇಕು. ಸಾಮಾನ್ಯವಾಗಿ ನಾವು ಮಾಡುವುದು ಇದರ ತಿರುವುಮುರುವು. ಕೇಳಿದವರಿಂದಲೇ ಕಾರಣ ಕೇಳುತ್ತೇವೆ, ಮನೆಯ ಹಿರಿಯರಾದರಂತೂ ಕೇಳುವ ಗೋಜಿಗೂ ಹೋಗುವುದಿಲ್ಲ.

ಇಲ್ಲಿ ಬೇಡಿಕೆ ಎಂದಾಗ ಮನವಿಪತ್ರದಲ್ಲಿ ಬರೆದುಕೊಡುವ ಬೇಡಿಕೆಯನ್ನಷ್ಟೇ ನೆನೆಯಬಾರದು. ಬಾಯಿಬಿಟ್ಟು ಹೇಳದ ಹಂಬಲವೂ ಬೇಡಿಕೆಯೇ. ಇದನ್ನು ಅಭ್ಯಾಸಕ್ಕೆ ತರಲು ಇನ್ನೂರು ಪುಟದ ಒಂದು ಗೆರೆಪುಸ್ತಕ ಬೇಕು. ನಿಮ್ಮನ್ನು ಕಾಡುತ್ತಿರುವ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳಿ. ಎಡಪುಟದಲ್ಲಿ ಆ ವಿಷಯಕ್ಕೆ ಸಂಬಂಧಪಟ್ಟ ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೆ ಏನು ಬೇಕು ಎಂಬುದನ್ನು ಒಂದೊಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ. ಬಲಪುಟವನ್ನು ಖಾಲಿ ಬಿಡಿ. ಆ ಬೇಡಿಕೆ ಈಡೇರದಿದ್ದರೆ ಅವರು ಏನು ಕಳೆದುಕೊಳ್ಳುತ್ತಾರೆ ಎಂಬುದನ್ನು ಅವರ ಬಾಯಿಂದ ಕೇಳಿದ ಮೇಲೆ ಅಲ್ಲಿ ತುಂಬಬೇಕು. ನಿಮ್ಮ ಹೆಸರನ್ನೂ ಬರೆಯಲು ಮರೆಯಬೇಡಿ. ತನ್ನ ಬೇಡಿಕೆಯನ್ನು ಬಿಟ್ಟು ಬರೆಯುವವನು ಅದನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿರುತ್ತಾನೆ.

ಉದಾಹರಣೆಗೆ, ರಾತ್ರಿ ಎಂಟು ಗಂಟೆಗೆ ಟಿವಿ ಹಾಕುವ ಬಗ್ಗೆ ಒಂದು ಮನೆಯಲ್ಲಿ ಜಗಳವಿದೆ ಎನ್ನೋಣ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೆ ಮೌನ ಬೇಕು, ಅಜ್ಜಿಗೆ ಧಾರಾವಾಹಿ ಬೇಕು ಎಂದು ಎಡಪುಟದಲ್ಲಿ ಸುಲಭವಾಗಿ ಬರೆದುಬಿಡುತ್ತೇವೆ. ಅಜ್ಜಿಯ ಹತ್ತಿರ ಕೂತು ಕೇಳಿದಾಗ, ಧಾರಾವಾಹಿಯ ಕಥೆ ಅವರಿಗೆ ಸರಿಯಾಗಿ ನೆನಪಿಲ್ಲದಿರುವುದೂ, ದಿನದಲ್ಲಿ ಸೊಸೆ ಪಕ್ಕಕ್ಕೆ ಬಂದು ಕೂರುವುದು ಆ ಅರ್ಧ ಗಂಟೆ ಮಾತ್ರ ಎಂಬುದೂ ತಿಳಿಯಬಹುದು. ಆಗ ಎಡಪುಟದ ವಾಕ್ಯವೇ ಬದಲಾಗುತ್ತದೆ, ಜಗಳದ ಆಕಾರವೂ ಬದಲಾಗುತ್ತದೆ. ಮೊದಲ ಸಲ ಬರೆದದ್ದನ್ನು ಅಳಿಸದೆ ಅಡ್ಡಗೆರೆ ಎಳೆದು ಹೊಸದನ್ನು ಕೆಳಗೆ ಬರೆಯಬೇಕು. ನಾವು ಎಷ್ಟು ದೂರ ತಪ್ಪಿದ್ದೆವು ಎಂಬುದು ಕಣ್ಣಿಗೆ ಕಾಣುತ್ತಿರಲಿ.

ಕಾಣದ್ದನ್ನು ಕಾಣುವುದು

ಇಡೀ ಅಭ್ಯಾಸದಲ್ಲಿ ಕಠಿಣವಾದದ್ದು ಇದು. ಕುರುಡನ್ನು ಕುರಿತ ಉಪನ್ಯಾಸದಲ್ಲಿ ಹೇಳಿರುವಂತೆ, ಜೇಮ್ಸ್ ಒಮ್ಮೆ ನಾರ್ತ್ ಕ್ಯಾರೊಲೈನಾದ ಬೆಟ್ಟಗಳಲ್ಲಿ ಪ್ರಯಾಣ ಮಾಡುತ್ತಿದ್ದ. ಕಾಡು ಕಡಿದು ಮಾಡಿದ ಹೊಸ ಹೊಲಗಳು ದಾರಿಯುದ್ದಕ್ಕೂ ಕಂಡವು: ಸುಟ್ಟ ಬೊಡ್ಡೆಗಳು, ತೊಗಟೆ ಸುಲಿದು ಸಾಯಿಸಿದ ಮರಗಳು, ಜೇಡಿಮಣ್ಣು ಮೆತ್ತಿದ ದಿಮ್ಮಿಯ ಗುಡಿಸಲು, ಹಂದಿ ಕೋಳಿಗಳು, ಬೊಡ್ಡೆಗಳ ನಡುವೆ ಅಡ್ಡಾದಿಡ್ಡಿಯಾಗಿ ಎದ್ದ ಮೆಕ್ಕೆಜೋಳ. ಕಾಡಿನ ಚೆಲುವನ್ನೆಲ್ಲ ಹಾಳುಮಾಡಿದ ಹುಣ್ಣಿನಂತೆ ಅವು ಅವನಿಗೆ ತೋರಿದವು. ಇಂಥ ಹೊಲಗಳನ್ನು ಮಾಡುವವರು ಎಂಥ ಜನ ಎಂದು ಗಾಡಿ ಹೊಡೆಯುತ್ತಿದ್ದ ಬೆಟ್ಟದವನನ್ನು ಕೇಳಿದಾಗ, ನಾವೆಲ್ಲರೂ ಅಂಥವರೇ, ಇಂಥದೊಂದು ಕಣಿವೆಯನ್ನು ಸಾಗುವಳಿಗೆ ತರುತ್ತಿಲ್ಲವೆಂದರೆ ನಮಗೆ ಇಲ್ಲಿ ಸುಖವಿಲ್ಲ ಎಂಬ ಅರ್ಥದ ಉತ್ತರ ಬಂತು. ಆ ಕ್ಷಣದಲ್ಲಿ ಜೇಮ್ಸ್‌ಗೆ ಹೊಳೆಯಿತು: ತನಗೆ ವಿರೂಪವಾಗಿ ಕಂಡ ಪ್ರತಿಯೊಂದು ಬೊಡ್ಡೆಯೂ ಅವರಿಗೆ ಬೆವರಿನ, ಗೆಲುವಿನ, ಹೆಂಡತಿ ಮಕ್ಕಳ ನೆಮ್ಮದಿಯ ಗುರುತು; ಹಾರ್ವರ್ಡ್‌ನಲ್ಲಿ ತಾನು ನಡೆಸುವ ಬದುಕನ್ನು ಅವರು ನೋಡಿದ್ದರೆ ಅದೂ ಅವರಿಗೆ ಇಷ್ಟೇ ಅರ್ಥಹೀನವಾಗಿ ಕಾಣುತ್ತಿತ್ತು.

ಈ ಭಾಗವನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಓದಿ ಹೇಳಿದ್ದೆ. ಆದರೂ ಅವ್ವ ತೀರಿಕೊಂಡ ಮೇಲೆ, ಎರಡು ಬೋರ್‌ವೆಲ್ ಬತ್ತಿದ ಮೇಲೆ, ಜಗಳೂರು ತಾಲ್ಲೂಕಿನ ನಮ್ಮ ಮೂರು ಎಕರೆ ಮಳೆಯಾಶ್ರಿತ ಹೊಲವನ್ನು ಮಾರಿಬಿಡುವುದೇ ವಿವೇಕವೆಂದು ತೀರ್ಮಾನಿಸಿ, ಅಪ್ಪನನ್ನು ದಾವಣಗೆರೆಯ ಮನೆಗೆ ಕರೆತಂದೆ. ಅವರಿಗೆ ಬೇಕಾದದ್ದು ವಿಶ್ರಾಂತಿ, ಹೊತ್ತಿಗೆ ಸರಿಯಾಗಿ ಮಾತ್ರೆ, ಮೊಮ್ಮಕ್ಕಳ ಜೊತೆ ಎಂದು ನಾನೇ ಬರೆದು ನಾನೇ ಸಹಿ ಹಾಕಿದ್ದೆ. ಅಪ್ಪ ಎದುರಾಡಲಿಲ್ಲ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಬೆಳಿಗ್ಗೆ ಎದ್ದವರು ಎಪಿಎಂಸಿ ಮಾರುಕಟ್ಟೆಯ ತನಕ ನಡೆದು ಹೋಗಿ ಮೆಕ್ಕೆಜೋಳದ ರಾಶಿಗಳ ಮುಂದೆ ಕೂತು ಬರುತ್ತಿದ್ದರು. ವಯಸ್ಸಾದವರಿಗೆ ಹೊತ್ತು ಹೋಗಬೇಕಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಹೊಲ ನೋಡಲು ಗಿರಾಕಿ ಬಂದ ದಿನ ಮಾತ್ರ ಬದುವಿನ ಮೇಲೆ ನಿಂತು, ಈ ಕಲ್ಲು ನೆಲವನ್ನು ಕಟ್ಟಿಕೊಂಡು ಏನು ಮಾಡುವುದಪ್ಪಾ ಎಂದು ನಾನು ಅಂದದ್ದಕ್ಕೆ ಅವರು ಮೂಲೆಯ ಕಲ್ಲುಗುಪ್ಪೆಯ ಕಡೆ ಕೈ ತೋರಿಸಿ, “ನಿನಗೆ ಕಲ್ಲು ಕಾಣ್ತಾವೆ. ನನಗೆ ಆ ಕಲ್ಲು ಆರಿಸಿ ಹಾಕಿದ ನಿಮ್ಮವ್ವ ಕಾಣ್ತಾಳೆ,” ಎಂದರು. ಅಷ್ಟು ವರ್ಷ ಪಾಠ ಮಾಡಿದ ಬೊಡ್ಡೆಗಳ ಅರ್ಥ ನನಗೆ ಅವತ್ತು ಆಯಿತು.

ಆದ್ದರಿಂದ ಈ ಕುರುಡನ್ನು ಕಳೆಯಲು ನಾನು ಈಗ ಅನುಸರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾರ ಬೇಡಿಕೆಯನ್ನು ತಿಳಿಯಬೇಕೋ ಅವರನ್ನು ನಿಮ್ಮ ಬಳಿಗೆ ಕರೆಸಬೇಡಿ. ಅವರ ಕೆಲಸದ ಜಾಗಕ್ಕೆ, ಅವರು ಕೆಲಸ ಮಾಡುತ್ತಿರುವ ಹೊತ್ತಿಗೆ ಹೋಗಿ. ಹೋದ ಮೇಲೆ ‘ನಿಮಗೆ ಏನನಿಸುತ್ತದೆ’ ಎಂದು ಕೇಳಬೇಡಿ, ಏಕೆಂದರೆ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಆ ಪ್ರಶ್ನೆಗೆ ‘ಏನೂ ಇಲ್ಲಪ್ಪಾ’ ಎಂದೇ ಉತ್ತರಿಸುತ್ತಾರೆ. ಕೈಯಲ್ಲಿರುವ ಕೆಲಸವನ್ನು ಮಾಡುವುದು ಹೇಗೆ ಎಂದು ಕೇಳಿ, ಕಲಿಸಿದರೆ ಕಲಿಯಿರಿ. ಕೈಗೆಲಸ ಹೇಳುತ್ತಾ ಹೋದವರು ತಮ್ಮನ್ನೂ ಹೇಳಿಕೊಳ್ಳುತ್ತಾ ಹೋಗುತ್ತಾರೆ. ಅವರು ಬಳಸಿದ ಮಾತನ್ನೇ ಬರೆದುಕೊಳ್ಳಬೇಕು, ನಮ್ಮ ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಮನೆಗೆ ಬಂದು ಬರೆದದ್ದನ್ನು ಮತ್ತೊಂದು ದಿನ ಅವರಿಗೇ ಓದಿ ಹೇಳಿ, ಹೌದು ಇದೇ ಎನ್ನುವ ತನಕ ತಿದ್ದಿಸಿಕೊಳ್ಳಬೇಕು. ಈ ಎರಡು ಭೇಟಿಗಳಲ್ಲಿ ಯಾವ ಪರಿಹಾರವನ್ನೂ ಸೂಚಿಸಕೂಡದು. ಪರಿಹಾರ ಹೇಳಲು ತವಕ ಪಡುತ್ತಿರುವವರ ಕಿವಿ ಅರ್ಧ ಮುಚ್ಚಿರುತ್ತದೆ. ನನ್ನದು ಪೂರ್ತಿ ಮುಚ್ಚಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಲವಾಗಿ ಹೇಳಬೇಕಾಗಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋದವರಿಗೆ ಮೊದಲು ಕಾಣುವುದು ಮಸಿ ಮತ್ತು ಹೊಗೆ. ಒಳಗೆ ಸ್ವಲ್ಪ ಹೊತ್ತು ನಿಂತರೆ, ಮರಳು ಯಾವ ಹದಕ್ಕೆ ಕಾದರೆ ಅಕ್ಕಿ ಕರಕಾಗದೆ ಅರಳುತ್ತದೆ ಎಂಬ ಬಲ್ಲಿಕೆಯೂ, ಅದರ ಬಗ್ಗೆ ಕೆಲಸಗಾರರಿಗಿರುವ ಹೆಮ್ಮೆಯೂ ಕಾಣುತ್ತವೆ. ಹಾಗೆ ಕಂಡವನು ‘ಅವರು ಅದರಲ್ಲೇ ಸುಖವಾಗಿದ್ದಾರೆ’ ಎಂದುಕೊಂಡು ಹೊರಗೆ ಬಂದರೆ, ಮೊದಲಿನ ಕುರುಡು ಹೋಗಿ ಅದಕ್ಕಿಂತ ಅಪಾಯದ ಕುರುಡು ಬಂದಂತೆ. ಹೆಮ್ಮೆ ಎಷ್ಟು ನಿಜವೋ ಕೆಮ್ಮೂ ಅಷ್ಟೇ ನಿಜ. ಶತಮಾನಗಳ ಕಾಲ ಕೆಲವರ ಪಾಲಿಗೆ ಕೊಳಕು ಕೆಲಸವನ್ನು ಕಟ್ಟಿ, ಅದು ಅವರ ಸ್ವಧರ್ಮವೆಂದು ಹೊಗಳಿ ಸುಮ್ಮನಿದ್ದ ನಾಡು ನಮ್ಮದು. ಇಲ್ಲಿ ಜೇಮ್ಸ್‌ನನ್ನು ಓದುವವರು ಹೆಮ್ಮೆಯನ್ನೂ ಕೂಲಿಯನ್ನೂ ಶ್ವಾಸಕೋಶವನ್ನೂ ಒಂದೇ ಎಡಪುಟದಲ್ಲಿ ಬೇರೆ ಬೇರೆ ಸಾಲುಗಳಾಗಿ ಬರೆಯಲೇಬೇಕು. ಸಂಪತ್ತಿನ ಹಂಚಿಕೆ ನಿಧಾನವಾಗಿಯಾದರೂ ಬದಲಾಗಲೇಬೇಕೆಂದು ಜೇಮ್ಸ್ ತಾನೂ ಬದುಕಿನ ಅರ್ಥವನ್ನು ಕುರಿತ ಆ ಎರಡನೆಯ ಉಪನ್ಯಾಸದಲ್ಲಿ ಒಪ್ಪಿಕೊಂಡಿದ್ದಾನೆ. ಓದುಗರು ಆ ಸಾಲನ್ನು ದಾಟಿ ಹೋಗಬಾರದು.

ಬೇಡಿಕೆಗಳು ಡಿಕ್ಕಿ ಹೊಡೆದಾಗ

ಎಲ್ಲರ ಬೇಡಿಕೆಯೂ ಈಡೇರುವ ಲೋಕ ಇಲ್ಲ. ಒಂದನ್ನು ಉಳಿಸಲು ಇನ್ನೊಂದನ್ನು ಕೊಯ್ಯಬೇಕಾಗುತ್ತದೆ ಎಂಬುದನ್ನು ಜೇಮ್ಸ್ ಮರೆಮಾಚುವುದಿಲ್ಲ. ಅವನು ಕೊಡುವ ಅಳತೆಗೋಲು ಇದು: ಅತಿ ಕಡಿಮೆ ಹಂಬಲಗಳನ್ನು ಬಲಿಕೊಟ್ಟು ಅತಿ ಹೆಚ್ಚು ಹಂಬಲಗಳನ್ನು ಒಳಗೊಳ್ಳುವ ಏರ್ಪಾಡನ್ನು ಹುಡುಕಬೇಕು, ಸೋತವರ ಹಂಬಲಕ್ಕೂ ಸ್ವಲ್ಪ ಜಾಗ ಉಳಿಯುವಂತೆ ಗೆಲ್ಲಬೇಕು. ಇದು ತಲೆ ಎಣಿಸುವ ಲೆಕ್ಕವಲ್ಲ ಎಂಬುದನ್ನು ತೋರಿಸಲು ಅವನೇ ಒಂದು ಕಲ್ಪನೆಯನ್ನು ಮುಂದಿಡುತ್ತಾನೆ. ಲೋಕದ ಅಂಚಿನಲ್ಲೆಲ್ಲೋ ಒಬ್ಬನೇ ಒಬ್ಬ ಒಂಟಿ ಜೀವಿ ಎಂದೆಂದಿಗೂ ಯಾತನೆ ಪಡುತ್ತಿರಬೇಕೆಂಬ ಷರತ್ತಿನ ಮೇಲೆ ಕೋಟಿ ಜನಕ್ಕೆ ಶಾಶ್ವತ ಸುಖ ಕೊಡುವೆನೆಂದು ಯಾರಾದರೂ ಹೇಳಿದರೆ, ಆ ಸುಖದ ಆಸೆ ಒಳಗೆ ಎದ್ದರೂ ಅಂಥ ಒಪ್ಪಂದಕ್ಕೆ ಕೈಯೊಡ್ಡುವುದು ಎಷ್ಟು ಹೇಸಿಗೆ ಎಂದು ನಮಗೆ ಒಡನೆ ಅನಿಸುತ್ತದೆ ಎನ್ನುತ್ತಾನೆ. ಆ ಹೇಸಿಗೆಯನ್ನು ನಂಬಬೇಕು. ಬಹುಮತದ ತೀರ್ಮಾನ ಮಾಡಿ ಎದ್ದ ಮೇಲೆ ಮೂಲೆಯಲ್ಲಿ ಒಬ್ಬರು ಸುಮ್ಮನೆ ಕೂತಿದ್ದರೆ, ಆ ತೀರ್ಮಾನ ಇನ್ನೂ ಮುಗಿದಿಲ್ಲ.

ನಮ್ಮ ಮನೆಯ ವಿಷಯದಲ್ಲಿ ಪುಟ ಬರೆದಾಗ ನನ್ನ ತಮ್ಮನ ಸಾಲು ಎಲ್ಲಕ್ಕಿಂತ ಭಾರವಾಗಿತ್ತು; ಅವನಿಗೆ ಸಾಲವಿತ್ತು, ಹೊಲ ಮಾರಿದ ದುಡ್ಡು ಅವನಿಗೆ ನಿಜವಾಗಿಯೂ ಬೇಕಿತ್ತು. ನನ್ನ ಸಾಲನ್ನು ಪ್ರಾಮಾಣಿಕವಾಗಿ ಬರೆದಾಗ, ನನಗೆ ಬೇಕಾಗಿದ್ದದ್ದು ಹಳ್ಳಿಗೆ ಓಡಾಡುವ ತಾಪತ್ರಯದಿಂದ ಬಿಡುಗಡೆ ಎಂಬುದು ಹೊರಗೆ ಬಂತು. ಮೂರೂ ಜನ ಕೂತು ಮಾಡಿದ ಏರ್ಪಾಡು ಹೀಗೆ: ರಸ್ತೆ ಕಡೆಯ ಒಂದು ಎಕರೆಯನ್ನು ಮಾರಿ ತಮ್ಮನಿಗೆ ಕೊಡುವುದು, ಕಲ್ಲುಗುಪ್ಪೆ ಇರುವ ಉಳಿದ ಎರಡು ಎಕರೆಯನ್ನು ಪಕ್ಕದ ಹೊಲದವರಿಗೆ ಪಾಲಿಗೆ ಕೊಡುವುದು, ಬಿತ್ತನೆಯಿಂದ ಸುಗ್ಗಿಯ ತನಕ ಅಪ್ಪ ಊರಿನಲ್ಲಿ ಇರುವುದು, ಬೇಸಿಗೆಗೆ ದಾವಣಗೆರೆಗೆ ಬರುವುದು, ಹದಿನೈದು ದಿನಕ್ಕೊಮ್ಮೆ ಮಾತ್ರೆ ತೆಗೆದುಕೊಂಡು ನಾನು ಹೋಗುವುದು. ತಮ್ಮನ ಸಾಲ ಪೂರ್ತಿ ತೀರಲಿಲ್ಲ. ಅದನ್ನು ಬಲಪುಟದಲ್ಲಿ ಹಾಗೆಯೇ ಬರೆದಿದ್ದೇವೆ. ಈಡೇರದ ಬೇಡಿಕೆಯನ್ನು ತಪ್ಪು ಬೇಡಿಕೆ ಎಂದು ಕರೆದು ಮನಸ್ಸು ಹಗುರ ಮಾಡಿಕೊಳ್ಳುವ ಚಟ ನಮ್ಮೆಲ್ಲರಿಗೂ ಇದೆ. ಜೇಮ್ಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಕೊಯ್ದ ಕೊಂಬೆಯೂ ಜೀವಂತ ಕೊಂಬೆಯೇ ಆಗಿತ್ತು.

ಮಾಡಿದ ಏರ್ಪಾಡಿಗೆ ಒಂದು ತಾರೀಕು ಹಾಕಬೇಕು. ನೀತಿಯ ತೀರ್ಮಾನಗಳನ್ನು ವಿಜ್ಞಾನದ ತೀರ್ಮಾನಗಳಂತೆ ದಿನದಿನವೂ ತಿದ್ದಲು ಸಿದ್ಧವಾಗಿರಬೇಕೆಂದು ಅವನು ಹೇಳಿದ್ದನ್ನು ಕಾರ್ಯರೂಪಕ್ಕೆ ತರುವ ಸರಳ ದಾರಿ ಇದು. ಸಣ್ಣ ವಿಷಯಕ್ಕೆ ಒಂದು ತಿಂಗಳು, ದೊಡ್ಡದಕ್ಕೆ ಒಂದು ಬೆಳೆಯ ಕಾಲ ಸಾಕು. ಆ ತಾರೀಕಿನಂದು ಎಲ್ಲರೂ ಸೇರಿ, ಯಾರ ನರಳಿಕೆ ಹೆಚ್ಚಾಗಿದೆ ಎಂಬ ಒಂದೇ ಪ್ರಶ್ನೆಯಿಂದ ಪುಟವನ್ನು ಮತ್ತೆ ಓದಬೇಕು.

ಅಭ್ಯಾಸವಾಗಿಸುವುದು

ಒಳ್ಳೆಯ ಭಾವನೆ ಕೆಲಸಕ್ಕೆ ಇಳಿಯದೆ ಆವಿಯಾಗಿ ಹೋಗುವುದು ಜೇಮ್ಸ್‌ಗೆ ಬಹಳ ಕಳವಳದ ವಿಷಯ. ನಾಟಕದ ಪಾತ್ರಗಳ ದುಃಖಕ್ಕೆ ಒಳಗೆ ಕೂತು ಕಣ್ಣೀರು ಹಾಕುವ ರಷ್ಯದ ಶ್ರೀಮಂತ ಹೆಂಗಸೊಬ್ಬಳ ಗಾಡಿಯವನು ಹೊರಗೆ ಚಳಿಯಲ್ಲಿ ಹೆಪ್ಪುಗಟ್ಟಿ ಸಾಯುತ್ತಿರುವ ಚಿತ್ರವನ್ನು ಅವನು ಅಭ್ಯಾಸದ ಅಧ್ಯಾಯದಲ್ಲಿ ಕೊಡುತ್ತಾನೆ. ಸಂಗೀತ ಕೇಳಿ ಮನಸ್ಸು ಕರಗಿದರೂ ಆ ಕರಗಿದ ಮನಸ್ಸಿನಿಂದ ಏನಾದರೊಂದು ಮಾಡಬೇಕು. ಹೆಚ್ಚಿನದೇನೂ ಆಗದಿದ್ದರೆ ಮನೆಯ ಹಿರಿಯ ಹೆಂಗಸಿನೊಡನೆ ನಾಲ್ಕು ಪ್ರೀತಿಯ ಮಾತಾಡಿಯಾದರೂ, ಗಾಡಿಯಲ್ಲಿ ಕೂತ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಾದರೂ ಅದನ್ನು ಕೆಲಸವಾಗಿಸಬೇಕೆಂಬುದು ಅವನ ಸಲಹೆ. ಜಗಳೂರಿನಿಂದ ದಾವಣಗೆರೆಗೆ ತುಂಬಿ ಬರುವ ಬೆಳಗಿನ ಬಸ್ಸಿನಲ್ಲಿ ಇದನ್ನು ಅಭ್ಯಾಸ ಮಾಡಲು ದಿನವೂ ಅವಕಾಶವಿದೆ.

ಹೊಸ ಅಭ್ಯಾಸವನ್ನು ಕಟ್ಟುವ ಬಗ್ಗೆ ಅವನು ಬೇನ್ ಎಂಬ ಸ್ಕಾಟ್ಲೆಂಡಿನ ಚಿಂತಕನ ಮಾತುಗಳಿಂದ ಹೊರಟು ಹೇಳಿದ ನಿಯಮಗಳು ಕೇಳುವವನ ಅಭ್ಯಾಸಕ್ಕೂ ಹೊಂದುತ್ತವೆ. ಆರಂಭವನ್ನು ಗಟ್ಟಿಯಾಗಿ, ನಾಲ್ಕು ಜನಕ್ಕೆ ತಿಳಿಯುವಂತೆ ಮಾಡಬೇಕು. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತೇನೆ ಎಂದು ನಾನು ಪಕ್ಕದ ಹೊಲದವರ ಮುಂದೆಯೇ ಹೇಳಿದ್ದು ಆ ಕಾರಣಕ್ಕೆ. ಅಭ್ಯಾಸ ಬೇರೂರುವ ತನಕ ಒಂದು ಸಲವೂ ತಪ್ಪಕೂಡದು, ಏಕೆಂದರೆ ಸುತ್ತುತ್ತಿರುವ ದಾರದ ಉಂಡೆ ಒಮ್ಮೆ ಕೈಜಾರಿದರೆ ಬಿಚ್ಚಿಹೋಗುವ ಸುತ್ತುಗಳನ್ನು ಮತ್ತೆ ಸುತ್ತಲು ಎಷ್ಟೋ ಹೊತ್ತು ಬೇಕು. ಹತ್ತಿಯ ಊರಾದ ದಾವಣಗೆರೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೊಂದು ಸಲ ಲೆಕ್ಕಕ್ಕಿಲ್ಲ ಎಂದು ಕುಡುಕ ಹೇಳಿಕೊಂಡರೂ ಅವನ ನರತಂತುಗಳು ಅದನ್ನು ಲೆಕ್ಕ ಇಟ್ಟುಕೊಳ್ಳುತ್ತವೆ ಎಂಬ ಅವನ ಮಾತು, ಶರೀರಶಾಸ್ತ್ರ ಕಲಿಸಿದವನು ಮಾತ್ರ ಹೇಳಬಹುದಾದ ನೀತಿಯ ಮಾತು. ಇವುಗಳ ಜೊತೆಗೆ, ಬೇಡವೆನಿಸುವ ಒಂದು ಸಣ್ಣ ಕೆಲಸವನ್ನು, ಬೇಡವೆನಿಸುತ್ತದೆ ಎಂಬ ಕಾರಣಕ್ಕೇ, ದಿನಕ್ಕೊಂದರಂತೆ ಮಾಡುತ್ತಿರಬೇಕು. ನನಗೆ ಅದು, ಯಾರೊಡನೆ ಮಾತು ಬೆಳೆಸಲು ಮನಸ್ಸಿಲ್ಲವೋ ಅವರ ಮಾತನ್ನು ಹತ್ತು ನಿಮಿಷ ನಡುವೆ ಬಾಯಿಹಾಕದೆ ಕೇಳುವುದು.

ಈ ನಿಯಮಗಳನ್ನು ಬರೆದವನು ಗಟ್ಟಿಮುಟ್ಟಾಗಿದ್ದವನಲ್ಲ. ಬೆನ್ನುನೋವು, ಕಣ್ಣಿನ ತೊಂದರೆ, ಸಾಯುವ ಯೋಚನೆಗಳು ಅವನನ್ನು ಯೌವನದಲ್ಲಿ ಹಣ್ಣು ಮಾಡಿದ್ದವು. 1870ರ ಏಪ್ರಿಲ್ 30ರಂದು, ಫ್ರಾನ್ಸಿನ ತತ್ತ್ವಜ್ಞ ರೆನೂವಿಯೇ ಬರೆದದ್ದನ್ನು ಓದಿ, ತನ್ನ ಸ್ವತಂತ್ರ ಇಚ್ಛೆಯ ಮೊದಲ ಕೆಲಸವೇ ಸ್ವತಂತ್ರ ಇಚ್ಛೆಯಿದೆ ಎಂದು ನಂಬುವುದು ಎಂದು ದಿನಚರಿಯಲ್ಲಿ ಬರೆದುಕೊಂಡ. ಅಲ್ಲಿಂದ ಎದ್ದು ನಿಲ್ಲಲು ಅವನಿಗೆ ವರ್ಷಗಳೇ ಬೇಕಾದವು. ಆದ್ದರಿಂದ ಮನಸ್ಸು ಕುಸಿದಿರುವವರಿಗೆ ಇಚ್ಛಾಶಕ್ತಿಯನ್ನು ಮಾತ್ರ ಬೋಧಿಸುವುದು ಜೇಮ್ಸ್‌ನನ್ನು ಅರ್ಧ ಓದಿದವರು ಮಾಡುವ ತಪ್ಪು. ವೈದ್ಯಪದವೀಧರನಾದ ಅವನು, ಮಾನಸಿಕ ಆಸ್ಪತ್ರೆಗಳಲ್ಲಿ ತಾನು ಅನುಭವಿಸಿದ್ದನ್ನು ಬರೆದ ಕ್ಲಿಫರ್ಡ್ ಬಿಯರ್ಸ್‌ನ ಬೆನ್ನಿಗೆ ನಿಂತವನು. ಊಟ ನಿದ್ದೆ ಬಿಟ್ಟುಹೋಗಿ ಬದುಕೇ ಬೇಡವೆನಿಸುತ್ತಿದ್ದರೆ ಪುಸ್ತಕವನ್ನು ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಸುಖ ಸಾಲದೆಂಬುದು

ಬಾಳು ಹಸನಾಗುವುದೆಂದರೆ ಬೇಡಿಕೆಗಳೆಲ್ಲ ತಣ್ಣಗಾಗುವುದು ಎಂದು ಇಷ್ಟರಿಂದ ಅನಿಸಿದರೆ, ಎರಡನೆಯ ಉಪನ್ಯಾಸವನ್ನು ಮತ್ತೊಮ್ಮೆ ಓದಬೇಕು. ಜೇಮ್ಸ್ ಷಟಾಕ್ವಾ ಎಂಬ ಸರೋವರದ ದಡದ ಬೇಸಿಗೆ ಊರಿನಲ್ಲಿ ಒಂದು ವಾರ ಕಳೆದ. ಶಾಲೆ, ಸಂಗೀತ, ಉಪನ್ಯಾಸ, ಆಟೋಟ ಎಲ್ಲವೂ ಅಲ್ಲಿತ್ತು. ಬಡತನ, ಕುಡಿತ, ಅಪರಾಧ, ಪೊಲೀಸರು ಇರಲಿಲ್ಲ. ಹೊರಬಂದಾಗ ಅವನಿಗೆ ಆದದ್ದು ಬಿಡುಗಡೆಯ ಭಾವ. ಸೆಣಸುವುದಕ್ಕೆ ಏನೂ ಇಲ್ಲದ ಆ ಊರಿನಲ್ಲಿ ಏನು ಕೊರತೆ ಎಂದು ಯೋಚಿಸುತ್ತಾ ರೈಲಿನಲ್ಲಿ ಬಫಲೋ ಕಡೆಗೆ ಹೋಗುವಾಗ, ಎತ್ತರದ ಕಬ್ಬಿಣದ ಕಟ್ಟಡದ ಅಂಚಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕಾರ್ಮಿಕ ಕಂಡ. ಧೀರತನವನ್ನು ಹಳೆಯ ಕಾವ್ಯಗಳಲ್ಲಿ ಹುಡುಕುತ್ತಾ ಕಣ್ಣೆದುರಿನದನ್ನು ತಾನು ಕಾಣದೆ ಹೋಗಿದ್ದೆ ಎಂದು ಅವನಿಗೆ ತಿಳಿಯಿತು. ದುಡಿಮೆಯೊಂದೇ ಬದುಕಿಗೆ ಅರ್ಥ ಕೊಡುತ್ತದೆ ಎಂದೂ ಅವನು ಅಲ್ಲಿಗೆ ನಿಲ್ಲಿಸುವುದಿಲ್ಲ. ತನ್ನದೇ ಆದ ಒಂದು ಆದರ್ಶವೂ ಅದಕ್ಕಾಗಿ ಸವೆಯುವ ತಾಳ್ಮೆಯೂ ಕೂಡಬೇಕು ಎನ್ನುತ್ತಾನೆ. ಕಾಯಕ ಎಂಬ ಮಾತನ್ನು ಬಲ್ಲ ನಮಗೆ ಇದು ಪರಕೀಯವೆನಿಸುವುದಿಲ್ಲ.

ಹತ್ತನೆಯ ಅಧ್ಯಾಯದ ಒಂದು ಭಿನ್ನರಾಶಿಯನ್ನೂ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದು. ಆತ್ಮಗೌರವವೆಂದರೆ ಸಾಧನೆಯನ್ನು ನಿರೀಕ್ಷೆಯಿಂದ ಭಾಗಿಸಿದಾಗ ಬರುವುದು. ಮೇಲಿನ ಅಂಕಿಯನ್ನು ಹೆಚ್ಚಿಸಿದರೂ ಕೆಳಗಿನದನ್ನು ಇಳಿಸಿದರೂ ಅದು ಬೆಳೆಯುತ್ತದೆ. ಪಿಯುಸಿ ಅಂಕಗಳ ಕಾಲದಲ್ಲಿ ದಾವಣಗೆರೆಯ ಮನೆಮನೆಯ ತಂದೆತಾಯಂದಿರು ಇದನ್ನು ಒಮ್ಮೆ ನೋಡಬೇಕೆಂಬುದು ನನ್ನ ಬೇಡಿಕೆ.

ಅವನನ್ನು ಎಲ್ಲಿ ಒಪ್ಪಬೇಕಾಗಿಲ್ಲ ಎಂಬುದನ್ನೂ ಹೇಳುತ್ತೇನೆ. 1910ರಲ್ಲಿ ಪ್ರಕಟವಾದ, ಯುದ್ಧಕ್ಕೆ ಬದಲಾಗಿ ಯುವಕರನ್ನು ಗಣಿಗೆ, ಮೀನುಗಾರಿಕೆಗೆ, ಪಾತ್ರೆ ತೊಳೆಯುವುದಕ್ಕೆ ಕಳುಹಿಸಬೇಕೆಂಬ ಪ್ರಬಂಧದಲ್ಲಿ ಅವನು ಅದನ್ನು ನಿಸರ್ಗದ ವಿರುದ್ಧದ ಸೈನ್ಯ ಎನ್ನುತ್ತಾನೆ. ಬೋರ್‌ವೆಲ್ ಕೊರೆದು ಕೊರೆದು ನೆಲದ ನೀರನ್ನು ಬತ್ತಿಸಿದ ಸೀಮೆಯವರು ಆ ಮಾತನ್ನು ಒಪ್ಪಲಾರರು. ಅಲ್ಲಿ ಕರೆ ಹೋಗುವುದೂ ಗಂಡುಮಕ್ಕಳಿಗೆ ಮಾತ್ರ. ಆದರೆ ಫಿಲಿಪ್ಪೀನ್ಸ್‌ನ ಜನರ ಒಳಬದುಕನ್ನು ಕಾಣದೆ ಅವರನ್ನು ಆಳಹೊರಟ ತನ್ನ ದೇಶದ ವಿರುದ್ಧ ಅವನು ಬಹಿರಂಗವಾಗಿ ಬರೆದನೆಂಬುದನ್ನು ಇದರ ಪಕ್ಕದಲ್ಲೇ ಇಡಬೇಕು. ಬೊಡ್ಡೆಗಳ ಹೊಲದಲ್ಲಿ ಕಲಿತ ಪಾಠವನ್ನು ಅವನು ಒಂದು ಸಾಮ್ರಾಜ್ಯದ ಅಳತೆಗೂ ಹಿಡಿದು ನೋಡಿದ. 1896ರಲ್ಲಿ ಹಾರ್ವರ್ಡ್‌ಗೆ ಬಂದು ಮಾತಾಡಿದ ವಿವೇಕಾನಂದರ ಬಗ್ಗೆ ಅವನಿಗೆ ತುಂಬ ಗೌರವವಿತ್ತು. ಎಲ್ಲವೂ ಒಂದೇ ಎಂಬ ಅವರ ದರ್ಶನ ಮನಸ್ಸಿಗೆ ಕೊಡುವ ನೆಮ್ಮದಿಯನ್ನು ಒಪ್ಪಿಯೂ, ಅವನು ಹಲವು ಹಲವಾಗಿಯೇ ಉಳಿದಿರುವ ಲೋಕದ ಕಡೆಗೇ ನಿಂತ. ಅಪ್ಪನ ಬೇಡಿಕೆಯೂ ತಮ್ಮನ ಬೇಡಿಕೆಯೂ ಮೇಲಿನ ಯಾವುದೋ ಒಂದರಲ್ಲಿ ಕರಗಿಹೋಗುವುದಿಲ್ಲವಾದ್ದರಿಂದ, ಈ ವಿಷಯದಲ್ಲಿ ನಾನು ಅವನ ಪಕ್ಕ.

ನಮ್ಮ ಪುಸ್ತಕದಲ್ಲಿ ಹೊಲದ ಪುಟಕ್ಕೆ ಹಾಕಿದ್ದ ತಾರೀಕು ದೀಪಾವಳಿಯದು. ಅವತ್ತು ಓದಿದಾಗ ಅಪ್ಪನ ಸಾಲಿಗೆ ಯಾರೂ ಏನೂ ಸೇರಿಸಲಿಲ್ಲ. ತಮ್ಮನ ಸಾಲಿನ ಎದುರು ಉಳಿದ ಸಾಲದ ಮೊತ್ತವನ್ನು ಅವನ ಕೈಯಲ್ಲೇ ಬರೆಸಿ, ಯುಗಾದಿಗೆ ಮತ್ತೆ ತೆಗೆಯುವುದೆಂದು ಕೆಳಗೆ ಮೂವರೂ ಸಹಿ ಹಾಕಿದ್ದೇವೆ.